ಟೋಪಿ ನಾಣ್ಯ

ಭಾನುವಾರ ಬೆಳಗ್ಗೆ ಕುರಿತಿಬಾದ ಹಳೇ ಚೌಕದಲ್ಲಿ
ಪೈನ್ ಬೀಜ ಬೇಯಿಸುವವಳ ಹಂಡೆಯ ಪಕ್ಕ
ಅದೆಲ್ಮು ತನ್ನ ಮಡಚುವ ಮೇಜು ಬಿಡಿಸುತ್ತಾನೆ.
ಹಸಿರು ಬಟ್ಟೆ. ಅದರ ಮೇಲೆ ಸತ್ತ ಹಣ.

ಸರಿಯಾಗಿ ಹುಟ್ಟಿದವು ಬಕೆಟ್ಟಿನಲ್ಲಿ, ಕಿಲೋ ಲೆಕ್ಕ,
ಮಕ್ಕಳು ಕೈ ಅದ್ದಿ ಸದ್ದು ಮಾಡಬಹುದು.
ಸೊಟ್ಟ ಹುಟ್ಟಿದವಕ್ಕೆ ಒಂದೊಂದಕ್ಕೂ ಪ್ಲಾಸ್ಟಿಕ್ ಮನೆ,
ಮುಟ್ಟುವ ಮುಂಚೆ ಕೇಳಬೇಕು.

ನನ್ನನ್ನು ಕಂಡರೆ ಭೂತಗನ್ನಡಿ ಮುಂದೆ ತಳ್ಳುತ್ತಾನೆ, ಅಷ್ಟೇ.
ಕಲಿಸಿದವನೂ ಅವನೇ:
ಹೆಬ್ಬೆರಳು ನೆತ್ತಿಗೆ, ತೋರುಬೆರಳು ಬುಡಕ್ಕೆ,
ಹಿಡಿದು ಮಗುಚು. ಬೆನ್ನಿನ ಚಿತ್ರ ತಲೆಕೆಳಗಾಗಿ ನಿಂತರೆ
ತೆಗೆದಿಡು, ಯಾರಿಗೂ ಹೇಳಬೇಡ.
ಅಚ್ಚು ಜಾರಿ ಒಂದಂಚು ಬೋಳಾಗಿ ಉಳಿದಿದ್ದರೆ
ಅದಕ್ಕೆ ಇಲ್ಲಿಯವರು ಇಟ್ಟ ಹೆಸರು 'ಟೋಪಿ'.

ನನಗೆ ನಗು.
ಎಂಟು ವರ್ಷದಲ್ಲಿ ಐದು ಹೆಸರಿನ ದುಡ್ಡು
ಇಡೀ ದೇಶಕ್ಕೆ ಟೋಪಿ ಹಾಕಿತು;
ಹಾಕಿದ್ದು ಹೌದೆಂದು ತೋರಿಸಿಕೊಂಡವು ಈ ನಾಕಾರು ಬಿಲ್ಲೆ ಮಾತ್ರ.

ನಾನು ಹುಡುಕುವುದು ತೊಂಬತ್ತಮೂರರ ಹತ್ತನ್ನು,
ಇರುವೆಬಾಕ ಇರುವುದನ್ನು.
ಆ ವರ್ಷ ಎಲ್ಲದರ ಬಾಲಕ್ಕೂ ಸೊನ್ನೆಗಳ ಇರುವೆಸಾಲು:
ಸಕ್ಕರೆ ಪೊಟ್ಟಣ, ಬಸ್ ಚೀಟಿ, ಅಮ್ಮನ ಸಂಬಳದ ಲಕೋಟೆ.
ಸರಕಾರ ನಾಲಿಗೆ ಚಾಚಿ ಮೂರನ್ನು ನೆಕ್ಕುತ್ತಿತ್ತು,
ಕಣ್ಣು ಮಿಟುಕಿಸಿದರೆ ಮತ್ತೆ ಮೂರು,
ಮೊಟ್ಟೆ ಹೊತ್ತುಕೊಂಡು.

ಅಮ್ಮ ಲಿಂದಾವ್ರ ಸೂಪರ್ ಮಾರ್ಕೆಟ್ಟಿನಲ್ಲಿ
ಬೆಲೆ ಅಂಟಿಸುವವಳು.
ಕೈಯಲ್ಲಿ ಕಿತ್ತಳೆ ಬಣ್ಣದ ಪಿಸ್ತೂಲು, ಚಕ್ ಚಕ್ ಚಕ್,
ನಿನ್ನೆಯ ಚೀಟಿಯ ಮೇಲೆ ಇಂದಿನದು,
ಇಂದಿನದರ ಮೇಲೆ ಸಂಜೆಯದು.
ಹಾಲಿನಪುಡಿ ಡಬ್ಬದ ಹಣೆಯಲ್ಲಿ
ಗಾಯದ ಹಕ್ಕಳೆಯಷ್ಟು ದಪ್ಪ; ನಾನು ಉಗುರಿನಿಂದ ಕೆರೆದು
ಒಂದೊಂದೇ ಪದರ ಅಗ್ಗವಾಗುತ್ತಾ ಹೋಗುತ್ತಿದ್ದೆ.

ಜನ ಅವಳಿಗಿಂತ ಮುಂದೆ ಓಡುತ್ತಿದ್ದರು,
ತಳ್ಳುಗಾಡಿ, ಮಕ್ಕಳು, ಮೊಣಕೈ,
ಚಕ್ ಅನ್ನುವ ಮೊದಲೇ ಕೈ ಹಾಕಲು.
ಪಕ್ಕದ ಮನೆಯ ಝೊರಾಯ್ದೆ ತುಂಬು ಬಸುರಿ. ಓಡಲಾರಳು.

ಅವಳು ಹಾಲಿನಪುಡಿಯ ಸಾಲಿಗೆ ತಿರುಗಿದರೆ
ಅಮ್ಮನ ಪಿಸ್ತೂಲಿನಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು.
ದಿನಾ ಅದೇ ಹೊತ್ತಿಗೆ, ಅದೇ ಸಾಲಿನಲ್ಲಿ.
ಮುಚ್ಚಳ ತೆಗೆದು, ಊದಿ, ಕಂಪನಿಯವರಿಗೆ ಹಿಡಿಶಾಪ ಹಾಕಿ,
ಮತ್ತೆ ಮುಚ್ಚಿ, ಮತ್ತೆ ತೆಗೆದು.
ಒಂಬತ್ತನೇ ದಿನ ಮೇಲ್ವಿಚಾರಕ ಪಿಸ್ತೂಲು ಇಸಿದುಕೊಂಡು
ತನ್ನ ಅಂಗೈ ಮೇಲೆ ಒತ್ತಿ ನೋಡಿದ.
ಚಕ್.
ಬೆಲೆ ಸರಿಯಾಗಿ ಬಿತ್ತು.

ಅಮ್ಮ ಏಪ್ರನ್ ಬಿಚ್ಚಿಕೊಟ್ಟು ನಡೆದು ಬಂದಳು.
ಕೊನೆಯ ಸಂಬಳ ಮನೆ ಮುಟ್ಟುವಷ್ಟರಲ್ಲಿ ಅರ್ಧ ಆಗಿತ್ತು
ಅನ್ನುತ್ತಾಳೆ, ಸ್ವಲ್ಪ ಒಗ್ಗರಣೆ ಹಾಕಿ.

ಇವತ್ತು ಸಿಕ್ಕಿತು.
ಬಾಲ ಇದೆ, ಬೆನ್ನಿನ ಕೂದಲಿದೆ,
ಮೂತಿ ಮಾತ್ರ ಅಂಚಿನಾಚೆ ಗಾಳಿಯಲ್ಲಿ.
ಒಂದು ಸೊನ್ನೆಯನ್ನೂ ನೆಕ್ಕಲಾರದ ಪ್ರಾಣಿ.
ಹುಟ್ಟಿದ ವರ್ಷ ಬೆಂಕಿಕಡ್ಡಿಯೂ ಬರುತ್ತಿರಲಿಲ್ಲ ಇದಕ್ಕೆ,
ಈಗ ನೂರಾ ಎಂಬತ್ತು ರಿಯಾಲ್, ಚೌಕಾಸಿ ಇಲ್ಲ.
ಕೊಟ್ಟೆ. ಕೊಡುತ್ತಾ ಕೇಳಿದೆ:
ಟಂಕಸಾಲೆಯಲ್ಲಿ ಆರಿಸಲು ಕೂತವಳು ಇದನ್ನು ಕಂಡಿರಬಹುದಲ್ಲ,
ಕಂಡೂ ಬಿಟ್ಟಿರಬಹುದಲ್ಲ?
"ಯಂತ್ರ ಮಾರಾಯ, ಯಂತ್ರ," ಅಂದ ಅದೆಲ್ಮು,
ನೋಟುಗಳನ್ನು ಬೆಳಕಿಗೆ ಹಿಡಿದು ಎರಡೆರಡು ಸಲ ಎಣಿಸುತ್ತಾ.

ಮನೆಯಲ್ಲಿ ಅಮ್ಮ ಕನ್ನಡಕ ಹುಡುಕಲಿಲ್ಲ.
ಬೋಳು ಅಂಚಿನ ಮೇಲೆ ಹೆಬ್ಬೆರಳಾಡಿಸಿದಳು,
ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ.
"ಕಾಗದ ಸಿಕ್ಕಿಕೊಂಡಿತ್ತೇನೋ," ಅಂದಳು.